ಎದುರು ಮನೆ ಮೇಷ್ಟ್ರ ಫೋನು

2023ರ ಸಂಕ್ರಾಂತಿ ಕಳೆದು ಎರಡು ದಿನ ಆಗಿತ್ತು. ಪುಣೆಯ ನಮ್ಮ ಮನೆಯಲ್ಲಿ ಅಮ್ಮ ಮಿಕ್ಕಿದ ಎಳ್ಳು-ಬೆಲ್ಲವನ್ನು ಡಬ್ಬಿಗೆ ತುಂಬುತ್ತಿದ್ದರು. ಅವರ ಫೋನು ಹೊಡೆದುಕೊಂಡಿತು. ಮೈಸೂರಿನಿಂದ, ನಮ್ಮ ಸೈಟಿನ ಎದುರು ಮನೆಯ ಮೇಷ್ಟ್ರು.

"ಏನಮ್ಮಾ, ಸೈಟ್ ಮಾರಿಬಿಟ್ರಂತೆ? ನಮಗೊಂದು ಮಾತೂ ಹೇಳಲಿಲ್ಲ."

ಅವರ ದನಿಯಲ್ಲಿ ಬೇಸರ ಇತ್ತು. ಇಪ್ಪತ್ತು ವರ್ಷಕ್ಕೂ ಮೀರಿದ ಪರಿಚಯ. ಅಪ್ಪನ ವೈಕುಂಠ ಸಮಾರಾಧನೆಗೆ ಬಸ್ಸು ಹತ್ತಿ ಹಾಸನಕ್ಕೆ ಬಂದಿದ್ದವರು. ಹೇಳದೆ ಕೇಳದೆ ಮಾರಿದರಲ್ಲ ಅಂತ ಅವರಿಗೆ ನೋವಾಗಿತ್ತು. ಬೆಳಗ್ಗೆಯಿಂದ ಸೈಟಿನಲ್ಲಿ ಜೆಸಿಬಿ ಓಡಾಡುತ್ತಿದೆ, ಗಿಡಗಂಟಿ ಎಲ್ಲ ಎತ್ತಿ ಹಾಕಿದ್ದಾರೆ, ಒಂದು ಲೋಡು ಸೈಜುಗಲ್ಲು ಬಂದು ಬಿದ್ದಿದೆ ಅಂದರು. ಅಮ್ಮ ಫೋನನ್ನು ಕಿವಿಯಿಂದ ತೆಗೆಯದೆ ನನ್ನ ಮುಖ ನೋಡಿದರು. ನಾವು ಯಾರಿಗೂ ಏನೂ ಮಾರಿರಲಿಲ್ಲ.

ಆ ಸೈಟನ್ನು ಅಪ್ಪ 1994ರಲ್ಲಿ ಒಂದು ಗೃಹ ನಿರ್ಮಾಣ ಸಹಕಾರ ಸಂಘದಿಂದ ತೆಗೆದುಕೊಂಡಿದ್ದರು. 30-40ರ ಸೈಟು. ಅಪ್ಪ ಹಾಸನದಲ್ಲಿ ಪಿಡಬ್ಲ್ಯುಡಿಯಲ್ಲಿದ್ದರು. ರಿಟೈರ್ ಆದ ಮೇಲೆ ಮೈಸೂರಿನಲ್ಲಿ ಮನೆ ಕಟ್ಟಬೇಕು, ಹಿತ್ತಲಲ್ಲಿ ಒಂದು ಕರಿಬೇವು, ಒಂದು ನಿಂಬೆ ಅಂತ ಲೆಕ್ಕ ಹಾಕಿದ್ದರು. ಕಟ್ಟಲಿಲ್ಲ. 2014ರಲ್ಲಿ ತೀರಿಕೊಂಡರು. ಅಣ್ಣ ಅಷ್ಟರಲ್ಲಿ ಇಂಗ್ಲೆಂಡಿಗೆ ಹೋಗಿಯಾಗಿತ್ತು. ನಾನು ಪುಣೆಗೆ ಬಂದಿದ್ದೆ, ಆಮೇಲೆ ಅಮ್ಮನನ್ನೂ ಕರೆದುಕೊಂಡು ಬಂದೆ. ಸೈಟು ಅಲ್ಲೇ ಇತ್ತು. ಎಲ್ಲಿ ಹೋಗುತ್ತೆ, ಭೂಮಿ ತಾನೇ ಅಂತ ನಾವು ಅಂದುಕೊಂಡಿದ್ದೆವು.

ಅವತ್ತು ರಾತ್ರಿಯೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್ಲಿನಲ್ಲಿ ಇಸಿಗೆ ಅರ್ಜಿ ಹಾಕಿದೆ. ಇಸಿ ಅಂದರೆ ಋಣಭಾರ ಪ್ರಮಾಣಪತ್ರ. ಒಂದು ಆಸ್ತಿಯ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಯಾವ ಯಾವ ಪತ್ರ ನೋಂದಣಿ ಆಗಿದೆ ಅಂತ ಅದರಲ್ಲಿ ಇರುತ್ತದೆ. ಏನಾದರೂ ವ್ಯವಹಾರ ಇದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16. ನಮಗೆ 16 ಬರಬೇಕಿತ್ತು, 15 ಬಂತು. ಒಂದೇ ಒಂದು ನಮೂದು. 2022ರ ನವೆಂಬರ್, ಕ್ರಯಪತ್ರ. ಬರೆದುಕೊಟ್ಟವರ ಕಾಲಮ್ಮಿನಲ್ಲಿ ಅಪ್ಪನ ಹೆಸರು.

ತೀರಿಕೊಂಡು ಎಂಟು ವರ್ಷ ಆದ ಮೇಲೆ ಅಪ್ಪ ಉಪನೋಂದಣಾಧಿಕಾರಿ ಕಚೇರಿಗೆ ಬಂದು ಸೈಟು ಮಾರಿದ್ದರು.

ಮೈಸೂರಿಗೆ ಹೋಗಿ ಆ ಪತ್ರದ ದೃಢೀಕೃತ ನಕಲು ತೆಗೆಸಿದೆವು. ಹಾಳೆ ತಿರುಗಿಸಿದರೆ ಹಿಂಬದಿಯಲ್ಲಿ ಕಚೇರಿಯ ಕ್ಯಾಮೆರಾದಲ್ಲಿ ತೆಗೆದ ಪುಟ್ಟ ಫೋಟೊ. ನಕಲಿನ ನಕಲು, ಮಸಿ ಹರಡಿ ಅರ್ಧ ಕಪ್ಪಾಗಿತ್ತು. ಅರವತ್ತು ದಾಟಿದ ಒಬ್ಬರು, ಚೌಕುಳಿ ಅಂಗಿ, ಹಣೆಯಲ್ಲಿ ವಿಭೂತಿ. ಕ್ಯಾಮೆರಾ ಕಡೆ ನೋಡದೆ ಸ್ವಲ್ಪ ಪಕ್ಕಕ್ಕೆ, ಅಲ್ಲಿ ನಿಂತಿದ್ದ ಯಾರನ್ನೋ ನೋಡುತ್ತಿದ್ದರು. ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು. ಅದರ ಮುಂದೆ ಸಹಿ. ಅಪ್ಪ ಯಾವಾಗಲೂ ಇಂಗ್ಲಿಷಿನಲ್ಲಿ ಸಹಿ ಹಾಕುತ್ತಿದ್ದರು. ಫೈಲುಗಳಿಗೆ ಹಾಕಿ ಹಾಕಿ ಅದು ಒಂದು ಗೆರೆ, ಎರಡು ಸುತ್ತಿಗೆ ಇಳಿದಿತ್ತು. ಇಲ್ಲಿ ಅವರ ಹೆಸರನ್ನು ಯಾರೋ ದುಂಡಗೆ, ಕನ್ನಡದಲ್ಲಿ, ಕಾಪಿ ಪುಸ್ತಕದಲ್ಲಿ ಬರೆಯುವ ಹಾಗೆ ಬರೆದಿದ್ದರು. ಇನಿಷಿಯಲ್ ಸರಿಯಾಗಿತ್ತು.

ಅಮ್ಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. "ನಿಮ್ಮಪ್ಪ ಯಾವತ್ತೂ ಚೌಕುಳಿ ಅಂಗಿ ಹಾಕ್ಕೊಂಡವರಲ್ಲ" ಅಂದರು. ಅಷ್ಟೇ. ಆಮೇಲೆ ಹಾಳೆ ಮಡಚಿ ನನ್ನ ಕೈಗೆ ಕೊಟ್ಟು, ಕಚೇರಿಯ ಹೊರಗಿನ ಹೊಂಗೆ ಮರದ ಕೆಳಗೆ ಹೋಗಿ ಕೂತರು.

ಇದು ಹೇಗೆ ಆಯಿತು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಂಥವರಿಗೆ ಗೊತ್ತಿಲ್ಲದ ಜಾಗ ಇರುವುದು ಇಲ್ಲೇ.

ಮೋಸಗಾರರಿಗೆ ಬೇಕಾಗಿದ್ದು ಖಾಲಿ ಸೈಟು. ಕಾಂಪೌಂಡ್ ಇಲ್ಲ, ಗಿಡ ಬೆಳೆದಿದೆ, ಕಂದಾಯ ಬಾಕಿ ಇದೆ, ವರ್ಷಗಟ್ಟಲೆ ಯಾರೂ ಬಂದಿಲ್ಲ. ನಮ್ಮದರಲ್ಲಿ ಎಲ್ಲವೂ ಇತ್ತು. ಮಾಲೀಕರು ಯಾರು ಅಂತ ತಿಳಿಯುವುದು ಕಷ್ಟವಲ್ಲ. ಕ್ರಯಪತ್ರಗಳ ನಕಲು ಸೇರುವ ಒಂದನೇ ಪುಸ್ತಕ ಕಾನೂನಿನ ಪ್ರಕಾರ ಸಾರ್ವಜನಿಕ ದಾಖಲೆ. ಶುಲ್ಕ ಕಟ್ಟಿದರೆ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಕೊಳ್ಳುವವರು ಪರಿಶೀಲಿಸಲಿ ಅಂತಲೇ ಆ ಅವಕಾಶ ಇರುವುದು. ಅದೇ ದಾರಿಯಲ್ಲಿ ಅಪ್ಪನ 1994ರ ಪತ್ರದ ನಕಲು ಅವರ ಕೈ ಸೇರಿತ್ತು. ಅಸಲು ಪತ್ರ ಎಲ್ಲಿ ಅಂತ ಕೊಳ್ಳುವವರು ಕೇಳುತ್ತಾರಲ್ಲ, ಅದಕ್ಕೆ ಅಸಲು ಕಳೆದುಹೋಗಿದೆ ಅಂತ ಒಂದು ದೂರು, ಪತ್ರಿಕೆಯ ಮೂಲೆಯಲ್ಲಿ ಒಂದು ಪ್ರಕಟಣೆ. ಆ ಹೊತ್ತಿಗೆ ಅಸಲು ಪತ್ರ ನಮ್ಮ ಬೀರುವಿನಲ್ಲಿ, ಅಮ್ಮನ ಧಾರೆ ಸೀರೆಯ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿ ಇತ್ತು. ಆಮೇಲೆ ಅಪ್ಪನ ಹೆಸರಿನಲ್ಲಿ, ಬೇರೆಯವರ ಫೋಟೊ ಇರುವ ಒಂದು ಆಧಾರ್ ಕಾರ್ಡು. ಗುರುತಿಸಲು ಇಬ್ಬರು ಸಾಕ್ಷಿಗಳು.

ಇಷ್ಟು ಹಿಡಿದುಕೊಂಡು ಹೋದರೆ ನೋಂದಣಿ ಆಗುತ್ತಾ? ಆಗುತ್ತೆ. ನಮ್ಮ ನೋಂದಣಿ ಕಾಯ್ದೆ 1908ರದ್ದು. ಎದುರಿಗೆ ಬಂದಿರುವವರು ಪತ್ರದಲ್ಲಿ ಹೆಸರಿರುವವರೇನಾ, ಸಹಿ ಹಾಕಿದ್ದನ್ನು ಒಪ್ಪುತ್ತಾರಾ ಅಂತ ನೋಡುವುದು ಉಪನೋಂದಣಾಧಿಕಾರಿಯ ಕೆಲಸ. ಆ ಆಸ್ತಿಯ ಮೇಲೆ ಅವರಿಗೆ ನಿಜವಾಗಿ ಹಕ್ಕಿದೆಯಾ ಅಂತ ತೀರ್ಮಾನಿಸುವುದು ಅವರ ಕೆಲಸ ಅಲ್ಲ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಒಂದು ಪ್ರಕರಣದಲ್ಲಿ ಇದನ್ನೇ ಮತ್ತೆ ಹೇಳಿತು. ಮಾರುವವರು ತಮ್ಮ ಹಕ್ಕಿನ ದಾಖಲೆ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದು ಅಂತ ಅಲ್ಲಿ ಒಂದು ನಿಯಮ ಇತ್ತು. 1908ರ ಕಾಯ್ದೆಗೆ ಅದು ಹೊಂದುವುದಿಲ್ಲ ಅಂತ ಕೋರ್ಟು ನಿಯಮವನ್ನೇ ತೆಗೆದುಹಾಕಿತು. ನಾನು ಇಷ್ಟು ವರ್ಷ ರಿಜಿಸ್ಟ್ರೇಷನ್ ಆಯಿತು ಅಂದರೆ ಸರ್ಕಾರ ಒಪ್ಪಿ ಮೊಹರು ಒತ್ತಿತು ಅಂತಲೇ ತಿಳಿದಿದ್ದೆ. ಬಹಳ ಜನ ಹಾಗೇ ತಿಳಿದಿದ್ದಾರೆ. ಸರ್ಕಾರ ಒಪ್ಪಿಕೊಳ್ಳುವುದು ಇಂಥ ದಿನ ಇಂಥವರು ಇಂಥ ಪತ್ರ ಬರೆದುಕೊಟ್ಟರು ಅನ್ನುವುದನ್ನು ಮಾತ್ರ.

2001ರ ತಿದ್ದುಪಡಿಯಲ್ಲಿ ಪತ್ರದ ಮೇಲೆ ಫೋಟೊ, ಬೆರಳಚ್ಚು ಕಡ್ಡಾಯ ಆಯಿತು. ನಮ್ಮ ವಿಷಯದಲ್ಲಿ ಅದು ಕಳ್ಳತನವನ್ನು ತಡೆಯಲಿಲ್ಲ. ಆದರೆ ಕಳ್ಳನ ಮುಖ, ಅವನ ಹೆಬ್ಬೆಟ್ಟು ಎರಡೂ ಸರ್ಕಾರಿ ದಾಖಲೆಯಲ್ಲಿ ಉಳಿದುಕೊಂಡವು. ಕೊನೆಗೆ ಕೈಹಿಡಿದದ್ದು ಅದೇ.

ಪೊಲೀಸ್ ಠಾಣೆಯಲ್ಲಿ ಮೊದಲ ದಿನ, ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ ಅಂದರು. ಆಸ್ತಿ ಅಂದ ತಕ್ಷಣ ಈ ಮಾತು ಬರುತ್ತದೆ. ಅಮ್ಮ ಏನೂ ಹೇಳದೆ ಅಪ್ಪನ ಮರಣ ಪ್ರಮಾಣಪತ್ರವನ್ನು ಆ ಕ್ರಯಪತ್ರದ ಪಕ್ಕದಲ್ಲಿಟ್ಟರು. ಎರಡು ತಾರೀಖುಗಳು ಪಕ್ಕಪಕ್ಕ. ಬರೆದುಕೊಳ್ಳುತ್ತಿದ್ದವರು ಎರಡನ್ನೂ ನೋಡಿ ಒಳಗೆ ಎದ್ದು ಹೋದರು, ಎಫ್‌ಐಆರ್ ಆಯಿತು. ಇನ್ನೊಬ್ಬರ ವೇಷ ಹಾಕಿ ವಂಚಿಸಿದ್ದು, ಪತ್ರ ಸುಳ್ಳು ಸೃಷ್ಟಿ ಮಾಡಿದ್ದು, ಅದನ್ನು ಅಸಲು ಅಂತ ಬಳಸಿದ್ದು. ಆಗ ಐಪಿಸಿ ಇತ್ತು, 419, 467, 471 ಅಂತ ಕಲಂಗಳು. ಇವು ಈಗ ಬೇರೆ ಸಂಖ್ಯೆಗಳಲ್ಲಿ ಭಾರತೀಯ ನ್ಯಾಯ ಸಂಹಿತೆಯಲ್ಲಿವೆ. ಸಾಕ್ಷಿಗಳಲ್ಲಿ ಒಬ್ಬನ ವಿಳಾಸ ನಿಜದ್ದಾಗಿತ್ತು. ಪೊಲೀಸರು ಅಲ್ಲಿಂದ ದಾರ ಹಿಡಿದು ಬ್ರೋಕರ್ ತನಕ ಹೋದರು.

ಸೈಟನ್ನು ಕೊಂಡಿದ್ದವರನ್ನು ನಾನು ಮೊದಲು ನೋಡಿದ್ದು ಆ ಕಲ್ಲಿನ ರಾಶಿಯ ಪಕ್ಕದಲ್ಲಿ. ಅವರ ಮೇಲೆ ಕೂಗಾಡಬೇಕು ಅಂತಲೇ ಹೋಗಿದ್ದೆ. ಮೂವತ್ತೈದು ವರ್ಷದ ಮನುಷ್ಯ. ಒಂದು ಸಣ್ಣ ಬೇಕರಿ ಇಟ್ಟುಕೊಂಡಿದ್ದರು. ಮೈದಾ ಮೆತ್ತಿದ ಅಂಗಿಯಲ್ಲೇ ಓಡಿ ಬಂದಿದ್ದರು. ಹೆಂಡತಿಯ ಒಡವೆ, ಊರಿನ ಅರ್ಧ ಎಕರೆ, ಹತ್ತು ವರ್ಷದ ಚೀಟಿ ದುಡ್ಡು, ಎಲ್ಲ ಸೇರಿಸಿ ಆ ಸೈಟು ಕೊಂಡಿದ್ದರು. ಬ್ಯಾಂಕ್ ಸಾಲ ತೆಗೆದಿರಲಿಲ್ಲ. ತೆಗೆಯಲು ಹೋಗಿದ್ದರೆ ಅಸಲು ಪತ್ರ ಇಲ್ಲ ಅನ್ನುವ ಜಾಗದಲ್ಲೇ ಬ್ಯಾಂಕಿನ ವಕೀಲರು ತಡೆಯುತ್ತಿದ್ದರು. ಮಾರುವವರಿಗೆ ಮಗಳ ಮದುವೆ ಅರ್ಜೆಂಟು, ಅದಕ್ಕೇ ರೇಟು ಕಮ್ಮಿ ಅಂತ ಬ್ರೋಕರ್ ಹೇಳಿದ್ದನಂತೆ. "ಇಸಿ ತೆಗೆಸಿದ್ದೆ ಮೇಡಂ, ಕ್ಲೀನಾಗಿತ್ತು" ಅಂದರು. ಫೋನಿನಲ್ಲಿ ತೆಗೆದು ತೋರಿಸಿದರು. ಕೈ ನಡುಗುತ್ತಿತ್ತು.

ಇಸಿ ಕ್ಲೀನಾಗಿಯೇ ಇತ್ತು. ಖಾತೆಯೂ ಅಪ್ಪನ ಹೆಸರಲ್ಲೇ ಇತ್ತು. ಮಾರಲು ಬಂದವರ ಆಧಾರ್ ಕಾರ್ಡಿನಲ್ಲೂ ಅದೇ ಹೆಸರು. ಒಂದು ಕಾಗದ ಇನ್ನೊಂದು ಕಾಗದಕ್ಕೆ ಕರಾರುವಾಕ್ಕಾಗಿ ಹೊಂದುತ್ತಿತ್ತು. ಎದುರು ಮನೆಯ ಬಾಗಿಲು ತಟ್ಟಿ, "ಈ ಸೈಟು ಯಾರದು, ಅವರು ಹೇಗಿದ್ದಾರೆ?" ಅಂತ ಒಂದು ಮಾತು ಕೇಳಿದ್ದರೆ ಸಾಕಿತ್ತು. "ಅವರು ಹೋಗಿ ಎಂಟು ವರ್ಷ ಆಯ್ತಲ್ಲಪ್ಪ" ಅಂತ ಮೇಷ್ಟ್ರು ಹೇಳುತ್ತಿದ್ದರು. ಇದನ್ನು ನಾನು ಅವರಿಗೆ ಹೇಳಿದೆ. ಅವರು ಎದುರು ಮನೆಯನ್ನು ಒಂದು ಸಲ ನೋಡಿದರು. ಜಗಲಿಯ ಮೇಲೆ ಮೇಷ್ಟ್ರು ಪೇಪರ್ ಹಿಡಿದು ಕೂತಿದ್ದರು. ದಿನಾ ಬೆಳಗ್ಗೆ ಎಂಟರಿಂದ ಹತ್ತರವರೆಗೆ ಅಲ್ಲೇ ಕೂತಿರುತ್ತಾರೆ.

ಈಗ ನಮ್ಮ ತಪ್ಪಿನ ವಿಷಯ. ಇದನ್ನು ಬರೆಯಲೇಬೇಕು.

ಅಪ್ಪ ವಿಲ್ ಬರೆದಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಸೈಟು ಅಮ್ಮ, ಅಣ್ಣ, ನಾನು ಮೂವರಿಗೂ ಸಮಪಾಲು. ಹಕ್ಕು ಅಪ್ಪ ಹೋದ ದಿನವೇ ನಮಗೆ ಬಂದಿತ್ತು. ಆದರೆ ಖಾತೆಯನ್ನು ನಮ್ಮ ಹೆಸರಿಗೆ ಮಾಡಿಸಲಿಲ್ಲ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಒಂದು ಅಫಿಡವಿಟ್, ಒಂದು ಅರ್ಜಿ. ಇಷ್ಟೇ ಕೆಲಸ. ಅಣ್ಣ ಬಂದಾಗ ಮಾಡಿಸೋಣ ಅಂತ ಎಂಟು ವರ್ಷ ತಳ್ಳಿದೆವು. ಅಮ್ಮನಿಗಂತೂ ಅಪ್ಪನ ಹೆಸರು ಇರುವ ಕಾಗದವನ್ನು ಬದಲಾಯಿಸುವುದೇ ಇಷ್ಟ ಇರಲಿಲ್ಲ. ಇರಲಿ ಬಿಡೇ, ಅವರ ಹೆಸರಲ್ಲಿ ಅದೊಂದಾದರೂ ಇರಲಿ ಅನ್ನುತ್ತಿದ್ದರು. ಎಷ್ಟು ಮನೆಗಳಲ್ಲಿ ಹೀಗೇ ಇದೆ ಅಲ್ವಾ? ಅಜ್ಜನ ಹೆಸರಲ್ಲೇ ಪಹಣಿ, ಅಪ್ಪನ ಹೆಸರಲ್ಲೇ ಖಾತೆ. ಹಳ್ಳಿಯ ಜಮೀನಿಗೆ ಪೌತಿ ಖಾತೆ ಮಾಡಿಸಿಕೊಳ್ಳಿ ಅಂತ ಕಂದಾಯ ಇಲಾಖೆ ಊರೂರಿಗೆ ಬಂದು ಹೇಳಬೇಕಾಗಿ ಬಂದಿದೆ. ಹೋದವರ ಹೆಸರಲ್ಲಿ ಆಸ್ತಿ ಇದ್ದರೆ, ನಾನೇ ಅವರು ಅಂತ ಯಾರಾದರೂ ಬಂದು ನಿಂತಾಗ ತಕರಾರು ಮಾಡಲು ಅವರು ಎದ್ದು ಬರುವುದಿಲ್ಲ. ಅಪ್ಪನ ನೆನಪು ಅಂತ ಇಟ್ಟುಕೊಂಡ ಹೆಸರೇ ಕಳ್ಳರಿಗೆ ಬಾಗಿಲಾಯಿತು.

ಈಗ ಸ್ವಲ್ಪ ಬಿಗಿ ಆಗಿದೆ. 2024ರ ಅಕ್ಟೋಬರ್‌ನಿಂದ ಕರ್ನಾಟಕದ ನಗರಗಳಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ, ಅಂದರೆ ಕಂಪ್ಯೂಟರಿನಲ್ಲಿರುವ ಖಾತೆ, ಬೇಕು. ಇ-ಖಾತಾ ಮಾಡಿಸುವಾಗ ಮಾಲೀಕರ ಆಧಾರ್ ದೃಢೀಕರಣ ಆಗುತ್ತದೆ. ನಮ್ಮ ಕಾಲಕ್ಕೆ ಇದು ಇದ್ದಿದ್ದರೆ ಆ ಚೌಕುಳಿ ಅಂಗಿಯವರ ದಾರಿ ಅಷ್ಟು ಸಲೀಸಾಗಿ ಇರುತ್ತಿರಲಿಲ್ಲ. ಆದರೆ ಇ-ಖಾತಾ ನಿಜವಾದ ವಾರಸುದಾರರೇ ಮೊದಲು ಹೋಗಿ ಮಾಡಿಸಿದರೆ ಮಾತ್ರ ಕಾವಲು. ದಯವಿಟ್ಟು ಮಾಡಿಸಿ. ಅಣ್ಣ ಬರಲಿ ಅಂತ ಕಾಯಬೇಡಿ. ನಮ್ಮಣ್ಣ ಕೊನೆಗೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ, ತಮ್ಮ ಪರವಾಗಿ ಸಹಿ ಹಾಕಲು ಅಮ್ಮನ ಹೆಸರಿಗೆ ಮುಖ್ತಿಯಾರ್ ಪತ್ರ ಮಾಡಿಸಿ ಅಂಚೆಯಲ್ಲಿ ಕಳಿಸಿದರು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಅಷ್ಟೇ. ಎಂಟು ವರ್ಷದಲ್ಲಿ ಯಾವತ್ತು ಬೇಕಾದರೂ ಆಗುತ್ತಿದ್ದ ಕೆಲಸ.

ಮುಖ್ತಿಯಾರ್ ಪತ್ರದ ಬಗ್ಗೆಯೂ ಒಂದು ಮಾತು. ಹೊರದೇಶದಲ್ಲಿರುವವರು ಸೈಟು ನೋಡಿಕೊಳ್ಳಲಿ ಅಂತ ನೆಂಟರಿಗೋ ಸ್ನೇಹಿತರಿಗೋ ಜಿಪಿಎ, ಅಂದರೆ ಎಲ್ಲ ಕೆಲಸಕ್ಕೂ ಸೇರಿಸಿ ಬರೆದ ಮುಖ್ತಿಯಾರ್ ಪತ್ರ, ಕೊಟ್ಟು ಮರೆತುಬಿಡುತ್ತಾರೆ. ಮಾರುವ ಅಧಿಕಾರವನ್ನೂ ಸುಮ್ನೆ ಅದರಲ್ಲೇ ಸೇರಿಸಿರುತ್ತಾರೆ. ಯಾವ ಕೆಲಸಕ್ಕೋ ಆ ಕೆಲಸಕ್ಕೆ ಮಾತ್ರ ಬರೆದುಕೊಡಿ. ಕೆಲಸ ಮುಗಿದ ಮೇಲೆ ರದ್ದು ಮಾಡಿ. ಕೊಳ್ಳುವವರೂ ಅಷ್ಟೇ. ಜಿಪಿಎ, ಅಗ್ರಿಮೆಂಟು ಇಟ್ಟುಕೊಂಡರೆ ಮಾಲೀಕರಾದಂತೆ ಅಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಖಚಿತವಾಗಿ ಹೇಳಿದೆ.

ಕೋರ್ಟಿನ ಕತೆಯನ್ನು ಉದ್ದ ಮಾಡುವುದಿಲ್ಲ. ನಮ್ಮ ವಕೀಲರು ಮೊದಲ ದಿನ ಹೇಳಿದ ಒಂದು ಮಾತು ನನಗೆ ಧೈರ್ಯ ಕೊಟ್ಟಿತು. "ಪತ್ರ ರದ್ದು ಮಾಡಿ ಅಂತ ನೀವು ಕೇಳಬೇಕಾಗಿಲ್ಲ. ಆ ಪತ್ರಕ್ಕೆ ಸಹಿ ಹಾಕಿದವರು ನೀವಲ್ಲ, ನಿಮ್ಮ ತಂದೆಯವರೂ ಅಲ್ಲ. ಅದು ನಮಗೆ ಬದ್ಧವಲ್ಲ ಅಂತ ಘೋಷಿಸಿ ಅಂತ ಕೇಳೋಣ." ಇಲ್ಲದ ಹಕ್ಕನ್ನು ಯಾರೂ ಮಾರಲಾಗುವುದಿಲ್ಲ, ಅದಕ್ಕೆ ಎಷ್ಟೇ ಮೊಹರು ಬಿದ್ದಿರಲಿ. ಆದರೆ ಕಾಲಮಿತಿ ಇದೆ. ಇಂಥ ದಾವೆಗೆ ಮೂರು ವರ್ಷ. ಗೊತ್ತಾದ ಮೇಲೆ ನೋಡೋಣ ಅಂತ ಕೂರುವ ಹಾಗಿಲ್ಲ. ಯಾರಾದರೂ ಬಂದು ಸೇರಿಕೊಂಡು ಹನ್ನೆರಡು ವರ್ಷ ಎಲ್ಲರಿಗೂ ಕಾಣುವಂತೆ ಅನುಭವಿಸಿಬಿಟ್ಟರೆ ಕತೆಯೇ ಬೇರೆ. ನಮಗೆ ಕೆಲವೇ ವಾರದಲ್ಲಿ ತಡೆಯಾಜ್ಞೆ ಸಿಕ್ಕಿತು. ಮೂಲ ದಾವೆ ಇನ್ನೂ ನಡೆಯುತ್ತಿದೆ. ಸುಳ್ಳು ಪತ್ರವನ್ನು ಜಿಲ್ಲಾ ನೋಂದಣಾಧಿಕಾರಿಯೇ ವಿಚಾರಣೆ ಮಾಡಿ ರದ್ದುಪಡಿಸಲು ಅಧಿಕಾರ ಕೊಡುವ ಮಸೂದೆಯನ್ನು ಕರ್ನಾಟಕದ ವಿಧಾನಮಂಡಲ 2023ರಲ್ಲಿ ಒಪ್ಪಿತು, ರಾಷ್ಟ್ರಪತಿಗಳ ಅಂಕಿತ ಬಿದ್ದು ಅದು ಕಾಯ್ದೆಯಾಗಿದೆ. ಈಗ ಮೋಸ ಹೋಗುವವರು ವಕೀಲರ ಹತ್ತಿರ ಆ ದಾರಿಯನ್ನೂ ಕೇಳಿ ನೋಡಿ.

ಅಣ್ಣನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದಾಗ ಅವರು ಇಂಗ್ಲೆಂಡಿನದೇ ಒಂದು ಸುದ್ದಿ ಹೇಳಿದರು. 2021ರ ಆಗಸ್ಟಿನಲ್ಲಿ ನಡೆದದ್ದು. ಲೂಟನ್ ಊರಿನ ಒಬ್ಬ ಪಾದ್ರಿ ಕೆಲಸದ ಮೇಲೆ ಉತ್ತರ ವೇಲ್ಸಿನಲ್ಲಿದ್ದರು. ನಿಮ್ಮ ಮನೆಯಲ್ಲಿ ದೀಪ ಉರೀತಿದೆ, ಯಾರೋ ಇದ್ದಾರೆ ಅಂತ ನೆರೆಯವರು ಫೋನು ಮಾಡಿದರು. ಬಂದು ನೋಡಿದರೆ ಕೀಲಿಕೈ ಹೊಂದಲಿಲ್ಲ. ಒಳಗೆ ಒಂದು ಸಾಮಾನೂ ಇಲ್ಲ, ಕೆಲಸದವರೊಬ್ಬರು ಮನೆ ರಿಪೇರಿ ಮಾಡುತ್ತಿದ್ದರು. ಯಾರೋ ಅವರ ಹೆಸರಿನಲ್ಲಿ 1,31,000 ಪೌಂಡಿಗೆ ಆ ಮನೆ ಮಾರಿದ್ದರು. ಅಲ್ಲಿನ ಪದ್ಧತಿ ನಮ್ಮದರ ಹಾಗಲ್ಲ. ಅಲ್ಲಿ ರಿಜಿಸ್ಟರಿನಲ್ಲಿ ಹೆಸರಿದ್ದವರೇ ಮಾಲೀಕರು ಅಂತ ಸರ್ಕಾರವೇ ಖಾತ್ರಿ ಕೊಡುತ್ತದೆ. ಅಂಥ ಕಡೆಯೂ ಇದು ನಡೆಯಿತು. ಅಲ್ಲೂ ಮೊದಲು ಗೊತ್ತಾದದ್ದು ನೆರೆಯವರ ಫೋನಿನಿಂದ. ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಅಲ್ಲಿನ ಭೂನೋಂದಣಿ ಇಲಾಖೆ ಪುಕ್ಕಟೆಯಾಗಿ ಒಂದು ಎಚ್ಚರಿಕೆ ಸೇವೆ ಕೊಡುತ್ತದೆ. ಹತ್ತು ಆಸ್ತಿಗಳವರೆಗೆ ಹೆಸರು ಹಚ್ಚಿಸಬಹುದು. ಆ ಆಸ್ತಿಯ ಮೇಲೆ ಯಾರಾದರೂ ಏನಾದರೂ ಅರ್ಜಿ ಹಾಕಿದರೆ ಇಮೇಲ್ ಬರುತ್ತದೆ. ಅಣ್ಣ ತಮ್ಮ ಮನೆಯನ್ನು ಅವತ್ತೇ ಅದಕ್ಕೆ ಸೇರಿಸಿದರು.

ನಾನು ಇಲ್ಲಿ ಮಾಡುವುದು ಇಷ್ಟು. ಮೂರು ತಿಂಗಳಿಗೊಮ್ಮೆ ಕಾವೇರಿಯಲ್ಲಿ ಇಸಿ ತೆಗೆಯುತ್ತೇನೆ. ಕರೆಂಟ್ ಬಿಲ್ ಕಟ್ಟುವ ಹಾಗೆ ಅದೂ ಒಂದು ಅಭ್ಯಾಸ ಆಗಿದೆ. ನೋಂದಣಿ ಆಗದ ಕರಾರು ಅದರಲ್ಲಿ ಕಾಣುವುದಿಲ್ಲ ಅನ್ನುವುದು ನೆನಪಿರಲಿ, ಇಸಿ ಒಂದನ್ನೇ ನಂಬಿ ಕೂರಬೇಡಿ. ಕಂದಾಯ ಏಪ್ರಿಲ್‌ನಲ್ಲೇ ಕಟ್ಟುತ್ತೇನೆ. ಸೈಟಿಗೆ ಕಾಂಪೌಂಡ್ ಹಾಕಿಸಿ, ಮಾಲೀಕರ ಹೆಸರು, ದಾವೆಯ ನಂಬರು ಬರೆಸಿದ ಬೋರ್ಡು ನಿಲ್ಲಿಸಿದ್ದೇವೆ. ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದ್ದೇವೆ. 2023ರಲ್ಲಿ ಕ್ರಯಪತ್ರಗಳ ಮೇಲಿದ್ದ ಹೆಬ್ಬೆಟ್ಟಿನ ಗುರುತನ್ನೇ ಕದ್ದು ಬ್ಯಾಂಕಿನಿಂದ ಹಣ ತೆಗೆದ ಪ್ರಕರಣಗಳು ಬೆಂಗಳೂರಿನಲ್ಲಿ ಬಂದಿದ್ದವು. ಸೈಟಿನ ಪತ್ರಗಳನ್ನು ಫೋಟೊ ಹೊಡೆದು ಯಾರಿಗೂ ವಾಟ್ಸಾಪ್ ಮಾಡುವುದಿಲ್ಲ, ರೇಟು ಕೇಳೋಕೆ ಅಂತ ಎಷ್ಟೇ ನಯವಾಗಿ ಕೇಳಿದರೂ. ವರ್ಷಕ್ಕೆ ಎರಡು ಸಲ ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಮೇಷ್ಟ್ರ ಜಗಲಿಯಲ್ಲಿ ಕೂತು ಕಾಫಿ ಕುಡಿದು ಬರುತ್ತೇವೆ. ಅಕ್ಕಪಕ್ಕದ ಮೂರು ಮನೆಗಳಲ್ಲೂ ನಮ್ಮ ಫೋನ್ ನಂಬರ್ ಇದೆ. ಇವುಗಳಲ್ಲಿ ಯಾವುದು ಮುಖ್ಯ ಅಂತ ನನ್ನನ್ನು ಕೇಳಿದರೆ ಆ ಕಾಫಿಯೇ ಅನ್ನುತ್ತೇನೆ.

ಬೇಕರಿಯವರು ಕ್ರಿಮಿನಲ್ ಕೇಸಿನಲ್ಲಿ ಈಗ ನಮ್ಮ ಕಡೆಯ ಸಾಕ್ಷಿ. ಅವರ ದುಡ್ಡು ವಾಪಸು ಬಂದಿಲ್ಲ. ಕೋರ್ಟಿನ ವರಾಂಡದಲ್ಲಿ ಸಿಕ್ಕಾಗಲೆಲ್ಲ ಅಮ್ಮನಿಗೆ ಅಂತ ಒಂದು ಪೊಟ್ಟಣ ದಿಲ್‌ಪಸಂದ್ ತರುತ್ತಾರೆ. ಬೇಡ ಅಂದರೂ ಕೇಳುವುದಿಲ್ಲ. ಮೇಡಂ ಅಂತಿದ್ದವರು ಈಗ ಅಕ್ಕ ಅಂತಾರೆ. ಹೋದ ತಿಂಗಳು ಒಂದು ಭಾನುವಾರ ಬೆಳಗ್ಗೆ ಅವರ ಫೋನು ಬಂತು. ಅವರ ಭಾಮೈದ ಒಂದು ಸೈಟು ನೋಡಿದ್ದಾನೆ, ಪತ್ರ ಎಲ್ಲ ಸರಿಯಿದೆ ಅಂತ ಬ್ರೋಕರ್ ಹೇಳುತ್ತಿದ್ದಾನೆ, ಅಡ್ವಾನ್ಸ್ ಕೊಡುವ ಮೊದಲು ತಾನೇ ಹೋಗಿ ನೋಡಿ ಬರುತ್ತೇನೆ ಅಂತ ಹೊರಟಿದ್ದರಂತೆ.

"ಈಗ ಎಲ್ಲಿದ್ದೀರಾ?" ಅಂತ ಕೇಳಿದೆ.

"ಎದುರು ಮನೇಲಿದ್ದೀನಿ ಅಕ್ಕ. ಇಲ್ಲೊಬ್ಬರು ಅಜ್ಜಿ ಇದ್ದಾರೆ, ಅವಲಕ್ಕಿ ಕೊಟ್ಟಿದ್ದಾರೆ. ಸೈಟಿನವರ ಮನೆ ಕತೆ ಎಲ್ಲ ಹೇಳ್ತಿದ್ದಾರೆ, ಕೇಳಿಕೊಂಡು ಆಮೇಲೆ ಮಾಡ್ತೀನಿ."